ಹಳೆಯ ಬೋಟಿನ ಬೆಲೆ ಕಟ್ಟುವವರು ಯಾರು?

ನಮ್ಮ ಕರಾವಳಿಯ ಬಂದರುಗಳಲ್ಲಿ ವರ್ಷಕ್ಕೊಮ್ಮೆ ಒಂದು ವ್ಯಾಪಾರ ನಡೆಯುತ್ತದೆ. ಅದಕ್ಕೆ ಮಾರುಕಟ್ಟೆಯ ಕಟ್ಟಡವಿಲ್ಲ, ದರಪಟ್ಟಿಯಿಲ್ಲ, ಅದರ ಲೆಕ್ಕ ಬರೆದಿಡುವವರೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಪಶ್ಚಿಮ ಕರಾವಳಿಗೆಲ್ಲ ಅನ್ವಯಿಸುವ 61 ದಿನಗಳ ಈ ಏಕರೂಪ ನಿಷೇಧವು 2015ರಿಂದ ಜಾರಿಯಲ್ಲಿದೆ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಹೊನ್ನಾವರ, ತದಡಿ, ಕಾರವಾರಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುವ ಆ ಎರಡು ತಿಂಗಳುಗಳಲ್ಲಿ ಹಳೆಯ ಬೋಟುಗಳ ಮಾರಾಟದ ಮಾತು ಎದ್ದೇ ಏಳುತ್ತದೆ. ಒಬ್ಬನು ಸಾಲ ತೀರಿಸಲು ಮಾರುತ್ತಾನೆ; ಇನ್ನೊಬ್ಬನು ತಾನೂ ಒಂದು ಬೋಟಿನ ಒಡೆಯನಾಗಬೇಕೆಂಬ ಆಸೆಯಿಂದ ಕೊಳ್ಳುತ್ತಾನೆ. ನಡುವೆ ನಿಂತವನೊಬ್ಬನು ಬೆಲೆ ಹೇಳುತ್ತಾನೆ. ಆ ನಡುವಿನವನ ಮಾತೇ ಕೊನೆಯ ಮಾತಾಗುವುದು ಏಕೆ, ಅದು ಹಾಗಾಗಬೇಕೆ ಎಂಬ ಪ್ರಶ್ನೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ.

ಇದು ಮೀನುಗಾರರ ಸಂಗತಿ, ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಇದರಿಂದೇನಾಗಬೇಕು ಎಂದು ಕೇಳುವವರಿರಬಹುದು. ಅಂಥವರು ಒಂದು ಹಳೆಯ ಬೋಟು ಕೊಳ್ಳುವ ಹಣ ಎಲ್ಲಿಂದ ಒಟ್ಟಾಗುತ್ತದೆಂಬುದನ್ನು ಒಮ್ಮೆ ವಿಚಾರಿಸಲಿ. ತಾಂಡೇಲನು ಹೆಂಡತಿಯ ಬಳೆ, ಸರ ಅಡವಿಡುತ್ತಾನೆ. ಹಂಚಿನ ಕಾರ್ಖಾನೆಯಲ್ಲೋ ಅಕ್ಕಿ ಗಿರಣಿಯಲ್ಲೋ ದುಡಿಯುವ ಅವನ ಅಣ್ಣನು ಭವಿಷ್ಯನಿಧಿಯ ಹಣ ತೆಗೆದು ಒಂದು ಪಾಲು ಹಾಕುತ್ತಾನೆ. ಇಬ್ಬರು ಕಲಾಸಿಗಳು ತಂಗಿಯ ಮದುವೆಗೆಂದು ಕೂಡಿಟ್ಟದ್ದನ್ನು ಸೇರಿಸುತ್ತಾರೆ. ಬಂದರಿನ ಬೀದಿಯ ಕಿರಾಣಿ ಅಂಗಡಿಯವರು ಸಾಲಪತ್ರಕ್ಕೆ ಜಾಮೀನು ಹಾಕಿ, ಮೇಲಿಂದ ಬೋಟಿನ ಅಡಿಗೆಗೆ ಅಕ್ಕಿ, ಬೇಳೆ, ಎಣ್ಣೆಯನ್ನು ಉದ್ರಿ ಕೊಡುತ್ತಾರೆ. ಬೋಟು ನಡೆದರೆ ಮಂಜುಗಡ್ಡೆ ಕಾರ್ಖಾನೆಯವನಿಗೆ ಕೆಲಸ, ಫಿಶ್‌ಮೀಲ್ ಗಿರಣಿಯವನಿಗೆ ಕೂಲಿ, ಬುಟ್ಟಿ ಹೊತ್ತು ಮೀನು ಮಾರುವ ಅಮ್ಮನಿಗೆ ದಿನದ ವ್ಯಾಪಾರ. ಬೋಟು ನಿಂತರೆ ಇಷ್ಟೂ ಮನೆಗಳ ಒಲೆಗೆ ಅದರ ತಾಪ ತಟ್ಟುತ್ತದೆ. ಬೆಲೆ ಕಟ್ಟುವಲ್ಲಿ ಆದ ತಪ್ಪನ್ನು ಕೊನೆಗೆ ಹೊರುವವರು ಇವರೇ.

ನಾಲ್ಕು ಬಾಯಿ, ನಾಲ್ಕು ಬೆಲೆ

ಒಂದೇ ಬೋಟಿಗೆ ನಾಲ್ವರು ನಾಲ್ಕು ಬೆಲೆ ಹೇಳುವುದನ್ನು ಬಂದರಿನಲ್ಲಿ ಯಾರಾದರೂ ಕೇಳಬಹುದು. ಮಾರುವವನು, "ಹೊಸದರಲ್ಲಿ ಇದಕ್ಕೆ ಇಷ್ಟು ಸುರಿದಿದ್ದೇನೆ, ಹೋದ ವರ್ಷ ಎಂಜಿನಿಗೆ ಇಷ್ಟಾಯಿತು" ಎಂದು ತನ್ನ ಖರ್ಚಿನಿಂದ ಲೆಕ್ಕ ಹಾಕುತ್ತಾನೆ. ವಿಮೆಯವರು ಕಂತಿಗೆ ಹೊಂದುವ ಒಂದು ಮೊತ್ತವನ್ನು ಬರೆದಿರುತ್ತಾರೆ. ಸಾಲ ಕೊಡುವ ಬ್ಯಾಂಕಿನವರು ನಾಳೆ ಜಪ್ತಿ ಮಾಡಿ ಹರಾಜಿಗಿಟ್ಟರೆ ಎಷ್ಟು ಬಂದೀತು ಎಂಬುದನ್ನು ನೋಡುತ್ತಾರೆ. ಮುಂಗಡ ಕೊಡಲು ಮುಂದಾಗುವ ಕಮಿಷನ್ ದಲ್ಲಾಳಿಯು, ಈ ಬೋಟಿನ ಮೀನೆಲ್ಲ ತನ್ನ ಏಲಂ ಕಟ್ಟೆಗೇ ಬರುವುದಾದರೆ ಎಷ್ಟು ಸಾಲದಲ್ಲಿ ಇವರನ್ನು ಕಟ್ಟಿಹಾಕಬಹುದು ಎಂಬುದನ್ನು ಎಣಿಸುತ್ತಾನೆ.

ಈ ನಾಲ್ಕರಲ್ಲಿ ಯಾವುದೂ ಸುಳ್ಳೆಂದು ನಾವು ಹೇಳುವುದಿಲ್ಲ. ಅವರವರ ಅಗತ್ಯಕ್ಕೆ ಅವರವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೊಳ್ಳುವ ದುಡಿಮೆಗಾರನ ಪ್ರಶ್ನೆ ಈ ನಾಲ್ಕಕ್ಕಿಂತ ಬೇರೆಯದು. ಈ ಬೋಟು ಇನ್ನೆಷ್ಟು ವರ್ಷ ಸುರಕ್ಷಿತವಾಗಿ ದುಡಿಯಬಲ್ಲುದು? ಆ ದುಡಿಮೆಯಲ್ಲಿ ಎಲ್ಲ ಖರ್ಚು ಕಳೆದು, ಕಲಾಸಿಗಳ ಪಾಲು ಕೊಟ್ಟು, ಒಡೆತನಕ್ಕೆಂದು ಉಳಿಯುವುದೆಷ್ಟು? ಹಳೆಯ ಬೋಟಿನ ಬೆಲೆಯೆಂದರೆ ಅದರಲ್ಲಿ ಇನ್ನೂ ಉಳಿದಿರುವ ದುಡಿಮೆಯ ಬೆಲೆ, ಕಳೆದುಹೋದ ದುಡಿಮೆಯದಲ್ಲ. ಮಾರುವವನು ಹತ್ತು ವರ್ಷಗಳ ಹಿಂದೆ ಸುರಿದ ಹಣವನ್ನು ಆ ಹತ್ತು ವರ್ಷಗಳ ಮೀನಿನಲ್ಲಿ ಅವನೇ ಪಡೆದಿದ್ದಾನೆ. ಅದನ್ನು ಎರಡನೆಯ ಸಲ ಕೊಳ್ಳುವವನ ಗಂಟಿನಿಂದ ಪಡೆಯುವುದು ನ್ಯಾಯವಲ್ಲ.

ಬೆಲೆಯನ್ನು ವಕ್ರಗೊಳಿಸುವ ಇನ್ನೊಂದು ಕಾರಣವೂ ಇದೆ. ಜೂನ್ ತಿಂಗಳಿನಲ್ಲಿ ಆದಾಯ ನಿಂತಿರುತ್ತದೆ. ಶಾಲೆಯ ಶುಲ್ಕ, ಮಳೆಗಾಲದ ಖರ್ಚು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆಗ ಮಾರಬೇಕಾಗಿ ಬಂದ ಸಣ್ಣ ಒಡೆಯನು, ಅದರಲ್ಲೂ ಗಂಡನನ್ನು ಕಳೆದುಕೊಂಡು ಬೋಟು ನಡೆಸಲಾರದ ಹೆಂಗಸು, ಕೇಳಿದ ಬೆಲೆಗೆ ಕೊಟ್ಟುಬಿಡಬೇಕಾಗುತ್ತದೆ. ಅದೇ ಬೋಟು ಬಣ್ಣ ಬಳಿಸಿಕೊಂಡು ಜುಲೈ ಕೊನೆಯಲ್ಲಿ, ಆಗಸ್ಟಿನ ಮೊದಲ ಮೀನಿನ ಆಸೆ ಎದ್ದಾಗ, ಬೇರೊಬ್ಬನಿಗೆ ಹೆಚ್ಚಿನ ಬೆಲೆಗೆ ಹೋಗುತ್ತದೆ. ಎರಡು ತಿಂಗಳುಗಳಲ್ಲಿ ಬೋಟಿನ ಮರ ಹೊಸದಾಗಲಿಲ್ಲ. ಮಾರಿದವಳ ಕಷ್ಟ ಮತ್ತು ಕೊಂಡವನ ಆಸೆ, ಇವೆರಡರ ನಡುವಿನ ಅಂತರವೇ ನಡುವಿನವನ ಲಾಭ. ನಾವು ಕೊಳ್ಳುವವನ ಪರವಾಗಿ ಮಾತ್ರ ಮಾತನಾಡುತ್ತಿಲ್ಲ. ಮಾರುವ ಬಡವನಿಗೂ ಇದರಲ್ಲಿ ಅನ್ಯಾಯವಾಗುತ್ತಿದೆ.

ಬಣ್ಣದ ಕೆಳಗೆ ಏನಿದೆ?

ಬೆಲೆಯ ಮಾತಿಗೆ ಮುಂಚೆ ಬೋಟನ್ನು ನೋಡಬೇಕು. ನೀರಿನಲ್ಲಿ ತೇಲುವ ಬೋಟನ್ನು ದಕ್ಕೆಯ ಮೇಲೆ ನಿಂತು ನೋಡಿ ವ್ಯಾಪಾರ ಮುಗಿಸುವುದು ಕಣ್ಣು ಕಟ್ಟಿಕೊಂಡು ಎತ್ತು ಕೊಂಡಂತೆ. ದಡಕ್ಕೆಳೆದು, ಬುಡ ಪೂರ್ತಿ ಕಾಣುವಂತೆ ನಿಲ್ಲಿಸಿ, ಹೊಸ ಬಣ್ಣ ಬಳಿಯುವ ಮುನ್ನ ನೋಡಬೇಕು.

ನಮ್ಮ ಕಡೆಯ ಹಳೆಯ ಬೋಟುಗಳಲ್ಲಿ ಮರದವು ಬಹಳ. ಹೆಬ್ಬಲಸು, ಸಾಗುವಾನಿಯಂಥ ಒಳ್ಳೆಯ ಮರದಿಂದ ಮಾಡಿದ ಬೋಟು ಚೆನ್ನಾಗಿ ನೋಡಿಕೊಂಡರೆ ದೀರ್ಘಕಾಲ ಬಾಳುತ್ತದೆ. ಆದರೆ ಮರ ಕೆಡುವ ಜಾಗಗಳು ಗೊತ್ತಿವೆ. ಬುಡದ ಉದ್ದಮರಕ್ಕೆ ಹಲಗೆ ಸೇರುವ ಅಂಚು, ಎಂಜಿನು ಕೂತ ಅಡ್ಡಮರಗಳು, ಮೊಳೆಗಳ ಸಾಲು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಂಜುಗಡ್ಡೆ ತುಂಬುವ ಕೋಣೆ. ಸಮುದ್ರದ ಉಪ್ಪುನೀರಿಗಿಂತ ಮಂಜು ಕರಗಿದ ಸಿಹಿನೀರು ಮರವನ್ನು ಬೇಗ ಕೊಳೆಸುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಮರ ಗಟ್ಟಿ ಸದ್ದು ಕೊಡುತ್ತದೆ. ಕೊಳೆತದ್ದು, ಹುಳು ಕೊರೆದದ್ದು ಬೊಳ್ಳು ಸದ್ದು ಕೊಡುತ್ತದೆ. ಚೂಪಾದ ದಬ್ಬಳವನ್ನು ಒತ್ತಿದರೆ ಎಷ್ಟು ಒಳಗಿಳಿಯುತ್ತದೆಂಬುದೇ ಸಾಕ್ಷಿ. ಮೊಳೆಯ ಸುತ್ತ ಕಪ್ಪು ಕಲೆ ಹರಡಿದ್ದರೆ ಕಬ್ಬಿಣ ತುಕ್ಕು ಹಿಡಿದು ಮರವನ್ನು ತಿಂದಿದೆಯೆಂದೇ ತಿಳಿಯಬೇಕು.

ಹಳೆಯ ಮರದ ಮೇಲೆ ಫೈಬರ್ ಹೊದಿಸಿದ ಬೋಟುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಣಗಿದ ಗಟ್ಟಿ ಮರದ ಮೇಲೆ ಸರಿಯಾಗಿ ಹೊದಿಸಿದರೆ ಅದು ಒಳ್ಳೆಯ ರಕ್ಷಣೆ. ಕೊಳೆತ ಮರದ ಮೇಲೆ ಹೊದಿಸಿದರೆ ಒಳಗಿನ ತೇವ ಹೊರಬರಲಾರದೆ ಕೊಳೆತವು ಇನ್ನೂ ಬೇಗ ಹಬ್ಬುತ್ತದೆ. ಹೊರಗೆ ಮಾತ್ರ ನುಣುಪು. ಇಂಥ ಬೋಟನ್ನು ಒಳಗಿನಿಂದ, ಹಲಗೆ ಕಾಣುವ ಕಡೆ ಪರೀಕ್ಷಿಸಬೇಕು. ಉಕ್ಕಿನ ಬೋಟಾದರೆ ತಗಡಿನ ದಪ್ಪ ಎಷ್ಟು ಉಳಿದಿದೆಯೆಂಬುದೇ ಬೆಲೆ. ಧ್ವನಿತರಂಗದಿಂದ ದಪ್ಪ ಅಳೆಯುವ ಉಪಕರಣವಿದೆ. ಬಡಗಿಯ ಸುತ್ತಿಗೆಯ ಜಾಗದಲ್ಲಿ ಅಲ್ಲಿ ಅದು ಬೇಕು. ಇವೆಲ್ಲ ಆದ ಮೇಲೆ ಬೋಟನ್ನು ಒಂದು ರಾತ್ರಿ ನೀರಿಗೆ ಬಿಟ್ಟು, ಪಂಪು ನಿಲ್ಲಿಸಿ, ಬೆಳಗ್ಗೆ ಬುಡದಲ್ಲಿ ಎಷ್ಟು ನೀರು ನಿಂತಿದೆಯೆಂದು ನೋಡಬೇಕು. ಆ ನೀರು ಯಾವ ದಲ್ಲಾಳಿಯ ಮಾತನ್ನೂ ಕೇಳುವುದಿಲ್ಲ.

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನಾವು ಬರುವ ಮೊದಲೇ ಬಿಸಿಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆ. ಭಾರ ಬಿದ್ದಾಗ ಕಪ್ಪು ಹೊಗೆ ದಟ್ಟವಾದರೆ ಡೀಸೆಲು ಸರಿಯಾಗಿ ಉರಿಯುತ್ತಿಲ್ಲ. ಎಣ್ಣೆಯ ಕಡ್ಡಿಯಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ದಕ್ಕೆಯಲ್ಲಿ ಐದು ನಿಮಿಷ ಓಡಿಸಿದ್ದು ಪರೀಕ್ಷೆಯಲ್ಲ. ಗೇರು ಹಾಕಿ ಭಾರ ಕೊಟ್ಟು ಕೆಲವು ಗಂಟೆ ಓಡಿಸಬೇಕು. ಆಗಲೇ ಶಾಫ್ಟಿನ ಸಡಿಲ, ಗೇರ್ ಬಾಕ್ಸಿನ ಸದ್ದು, ನೀರಿನ ಬಿಸಿ ತಿಳಿಯುವುದು. ಬಲೆ, ರೋಪು, ವಿಂಚು, ವಯರ್‌ಲೆಸ್, ಮೀನು ತೋರಿಸುವ ಯಂತ್ರ ಇವುಗಳ ಬೆಲೆಯನ್ನು ಬೋಟಿನ ಬೆಲೆಯೊಂದಿಗೆ ಕಲಸದೆ ಬೇರೆಯಾಗಿ ಬರೆದುಕೊಳ್ಳಬೇಕು. ಹರಿದ ಬಲೆಯ ರಾಶಿ ತೋರಿಸಿ ಬೋಟಿನ ಬೆಲೆ ಏರಿಸುವುದು ಹಳೆಯ ಉಪಾಯ.

ಇಷ್ಟನ್ನೂ ತಿಳಿದವರು ನಮ್ಮಲ್ಲಿಲ್ಲವೆ? ಧಾರಾಳವಾಗಿ ಇದ್ದಾರೆ. ದೋಣಿ ಕಟ್ಟುವ ಬಡಗಿಗೆ ಯಾವ ಹಲಗೆ ಎಂದು ಬದಲಾಯಿತೆಂದು ಗೊತ್ತು. ಹೋದ ವರ್ಷ ಅದೇ ಬೋಟಿನಲ್ಲಿ ದುಡಿದ ಕಲಾಸಿಗೆ ರಾತ್ರಿ ಎಷ್ಟು ಸಲ ಪಂಪು ಹಾಕಬೇಕಾಗುತ್ತಿತ್ತೆಂದು ಗೊತ್ತು. ಮೆಕ್ಯಾನಿಕನಿಗೆ ಎಂಜಿನು ಎಷ್ಟು ಸಲ ಬಿಚ್ಚಿತೆಂದು ಗೊತ್ತು. ಆದರೆ ವ್ಯಾಪಾರದ ಮಾತುಕತೆಯಲ್ಲಿ ಇವರಿಗೆ ಸ್ಥಾನವಿಲ್ಲ. ಬೆಲೆ ಹೇಳುವವನು ಕಡಲಿಗಿಳಿಯುವುದಿಲ್ಲ; ಕಡಲಿಗಿಳಿಯುವವನನ್ನು ಬೆಲೆ ಕೇಳುವವರಿಲ್ಲ.

ಕಾಗದವೂ ಬೋಟಿನ ಒಂದು ಹಲಗೆ

ಮರ ಗಟ್ಟಿಯಾಗಿದ್ದು ಕಾಗದ ಕೊಳೆತಿದ್ದರೂ ಬೋಟು ಮುಳುಗುತ್ತದೆ. ನೋಂದಣಿ ಯಾರ ಹೆಸರಿನಲ್ಲಿದೆ, ಬ್ಯಾಂಕಿನ ಅಥವಾ ಸಹಕಾರಿ ಸಂಘದ ಸಾಲಕ್ಕೆ ಅದನ್ನು ಅಡವಿಟ್ಟಿದೆಯೆ, ಕಾಗದದಲ್ಲಿರುವ ಎಂಜಿನ್ ಸಂಖ್ಯೆಯೂ ಬೋಟಿನಲ್ಲಿರುವ ಎಂಜಿನ್ ಸಂಖ್ಯೆಯೂ ಒಂದೇ ಆಗಿವೆಯೆ, ಮೀನುಗಾರಿಕೆಯ ಪರವಾನಗಿ ಊರ್ಜಿತದಲ್ಲಿದೆಯೆ, ಇವನ್ನೆಲ್ಲ ಮುಂಗಡ ಕೊಡುವ ಮೊದಲೇ ನೋಡಬೇಕು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಂತೆ ಪರವಾನಗಿ ಇಲ್ಲದೆ ಮೀನು ಹಿಡಿಯುವಂತಿಲ್ಲ. ಸರಕಾರ ಕೊಡುವ ತೆರಿಗೆ ವಿನಾಯಿತಿಯ ಡೀಸೆಲು ಸಿಗುವುದೂ ಕಾಗದ ಸರಿಯಿರುವ ಬೋಟಿಗೇ. ಹೆಸರು ವರ್ಗವಾಗದೆ ಒಂದು ಹಂಗಾಮು ಪೂರ್ತಿ ಪೇಟೆಯ ದರದಲ್ಲಿ ಡೀಸೆಲು ಹಾಕಿದವನ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಡೀಸೆಲ್ ಪಂಪಿನ ಬಾಕಿ, ಮಂಜುಗಡ್ಡೆಯ ಬಾಕಿ, ಕಲಾಸಿಗಳ ಬಾಕಿ ಇವುಗಳನ್ನೂ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಪ್ರಖರ ದೀಪ ಬೆಳಗಿಸಿ ಮೀನು ಹಿಡಿಯುವುದನ್ನೂ ಎರಡು ಬೋಟುಗಳು ಜೊತೆಯಾಗಿ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಹೀಗಿರುವಾಗ ಜನರೇಟರು, ದೀಪಗಳ ಸಾಲು ಇದೆಯೆಂದು ಹೇಳಿ ಬೋಟಿಗೆ ಹೆಚ್ಚಿನ ಬೆಲೆ ಕೇಳುವುದೆಂದರೆ, ಕಾನೂನು ಮುರಿದರೆ ಮಾತ್ರ ಬರುವ ಆದಾಯವನ್ನು ಇಂದೇ ಮಾರಿದಂತೆ. ಅದಕ್ಕೆ ನ್ಯಾಯವಾದ ಬೆಲೆ ಸೊನ್ನೆ.

ಒಂದು ಲೆಕ್ಕ ಹಾಕಿ ನೋಡೋಣ

ಮಾತು ಸಾಕು, ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳನ್ನು ರೀತಿ ತೋರಿಸುವುದಕ್ಕಾಗಿ ಹಿಡಿದುಕೊಂಡಿದ್ದೇವೆ. ವಾಚಕರು ತಮ್ಮ ಬಂದರಿನ, ತಮ್ಮ ಬೋಟಿನ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಲಿ.

ಬೆಳಗ್ಗೆ ಹೋಗಿ ಸಂಜೆ ಮರಳುವ ಒಂದು ಸಣ್ಣ ಟ್ರಾಲ್ ಬೋಟು. ಮಾರುವವನು ಕೇಳುವುದು 20 ಲಕ್ಷ ರೂಪಾಯಿ. ನಿಷೇಧದ 61 ದಿನ ಕಳೆದರೆ ವರ್ಷಕ್ಕೆ 304 ದಿನ ಉಳಿಯುತ್ತದೆ. ಗಾಳಿ, ಚಂಡಮಾರುತ, ರಿಪೇರಿ, ಹಬ್ಬ, ಕಲಾಸಿಗಳು ಸಿಗದ ದಿನ ಎಲ್ಲ ಕಳೆದು 130 ದಿನ ಕಡಲಿಗೆ ಹೋಯಿತೆನ್ನೋಣ. ದಿನಕ್ಕೆ ಸರಾಸರಿ 20 ಸಾವಿರದ ಮೀನು ಮಾರಿದರೆ ವರ್ಷಕ್ಕೆ 26 ಲಕ್ಷ. ಬಹಳ ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. "ಒಂದೇ ವರ್ಷದಲ್ಲಿ ಬೋಟಿನ ಬೆಲೆ ಬಂದುಹೋಯಿತಲ್ಲ" ಎಂದು ಹಿಗ್ಗುತ್ತಾರೆ. ಮುಂದುವರಿಸೋಣ. ಡೀಸೆಲಿಗೆ ದಿನಕ್ಕೆ 8 ಸಾವಿರದಂತೆ 10 ಲಕ್ಷ 40 ಸಾವಿರ. ಮಂಜುಗಡ್ಡೆ, ಊಟ, ಬಂದರಿನ ಖರ್ಚಿಗೆ ದಿನಕ್ಕೆ 1,500ರಂತೆ 1 ಲಕ್ಷ 95 ಸಾವಿರ. ಏಲಮಿನ ಕಮಿಷನ್ ನೂರಕ್ಕೆ 5ರಂತೆ 1 ಲಕ್ಷ 30 ಸಾವಿರ. ಒಟ್ಟು ಖರ್ಚು 13 ಲಕ್ಷ 65 ಸಾವಿರ. ಉಳಿದದ್ದು 12 ಲಕ್ಷ 35 ಸಾವಿರ. ಇದರಲ್ಲಿ ಅರ್ಧ ಕಲಾಸಿಗಳ ಪಾಲು ಎಂದಿಟ್ಟುಕೊಂಡರೆ ಬೋಟಿನ ಪಾಲಿಗೆ 6 ಲಕ್ಷ 17 ಸಾವಿರದ 500. ವರ್ಷದ ರಿಪೇರಿ, ಬಲೆ, ರೋಪು, ಬಣ್ಣ, ವಿಮೆಗೆ 3 ಲಕ್ಷ 50 ಸಾವಿರ ಹೋದರೆ ಕೈಯಲ್ಲಿ ನಿಲ್ಲುವುದು 2 ಲಕ್ಷ 67 ಸಾವಿರದ 500.

ಬೋಟು ಇನ್ನು 6 ವರ್ಷ ದುಡಿಯುತ್ತದೆ, ಕೊನೆಗೆ ಎಂಜಿನು, ಗುಜರಿ ಎಲ್ಲ ಸೇರಿ 2 ಲಕ್ಷಕ್ಕೆ ಹೋಗುತ್ತದೆ ಎಂದು ಬಡಗಿಯೂ ಮೆಕ್ಯಾನಿಕನೂ ಹೇಳಿದರೆನ್ನೋಣ. ನೂರಕ್ಕೆ 12ರ ಬಡ್ಡಿಗೆ 20 ಲಕ್ಷ ಸಾಲ ಮಾಡಿ ಕೊಂಡರೆ ಮೊದಲ ವರ್ಷದ ಬಡ್ಡಿಯೇ 2 ಲಕ್ಷ 40 ಸಾವಿರ. ಅಸಲಿಗೆ ಸಂದದ್ದು ಬರೀ 27 ಸಾವಿರದ 500. ಹೀಗೆಯೇ ಆರು ವರ್ಷ, ಒಂದು ಪೈಸೆಯನ್ನೂ ಮನೆಗೆ ಒಯ್ಯದೆ, ಉಳಿದದ್ದನ್ನೆಲ್ಲ ಸಾಲಕ್ಕೆ ಕಟ್ಟಿದರೂ ಕೊನೆಯಲ್ಲಿ ಸುಮಾರು 17 ಲಕ್ಷ 77 ಸಾವಿರ ಸಾಲ ಹಾಗೆಯೇ ಉಳಿದಿರುತ್ತದೆ. ಬೋಟು ಮಾತ್ರ ಗುಜರಿಯಾಗಿರುತ್ತದೆ. ಅದೇ ಬೋಟನ್ನು 12 ಲಕ್ಷಕ್ಕೆ ಕೊಂಡಿದ್ದರೆ ಆರು ವರ್ಷಗಳ ಕೊನೆಗೆ ಉಳಿಯುವ ಸಾಲ ಹೆಚ್ಚುಕಡಿಮೆ 2 ಲಕ್ಷ. ಗುಜರಿಯ ಬೆಲೆಗೆ ಅದು ತೀರುತ್ತದೆ. ಅಂದರೆ ಈ ಲೆಕ್ಕದಲ್ಲಿ ಆ ಬೋಟಿನ ಬೆಲೆ ಹೆಚ್ಚೆಂದರೆ 12 ಲಕ್ಷ. ಮಿಕ್ಕ 8 ಲಕ್ಷ ಯಾವುದರ ಬೆಲೆ? ಬಣ್ಣದ ಬೆಲೆ, ಆಸೆಯ ಬೆಲೆ, ಲೆಕ್ಕ ಬರದೆಂಬ ನಂಬಿಕೆಯ ಬೆಲೆ.

12 ಲಕ್ಷವೂ ಸುರಕ್ಷಿತವಲ್ಲ. ಮೀನಿನ ಮಾರಾಟ ಹತ್ತಕ್ಕೆ ಒಂದು ಪಾಲು ಕಡಿಮೆಯಾಯಿತೆನ್ನಿ. ಡೀಸೆಲು ಕಡಿಮೆಯಾಗುವುದಿಲ್ಲ, ರಿಪೇರಿ ಕಡಿಮೆಯಾಗುವುದಿಲ್ಲ. ಮೇಲಿನಂತೆಯೇ ಲೆಕ್ಕ ಹಾಕಿದರೆ ಕೈಯಲ್ಲಿ ನಿಲ್ಲುವುದು 1 ಲಕ್ಷ 44 ಸಾವಿರ. 12 ಲಕ್ಷದ ಒಂದು ವರ್ಷದ ಬಡ್ಡಿಯೂ ಸರಿಯಾಗಿ ಅಷ್ಟೇ. ಬೂತಾಯಿ, ಬಂಗುಡೆ ಒಂದು ವರ್ಷ ಬಂದು ಇನ್ನೊಂದು ವರ್ಷ ಮರೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. 2019ರ ಅಕ್ಟೋಬರಿನ ಕ್ಯಾರ್ ಚಂಡಮಾರುತ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಇವು ಯಾರನ್ನೂ ಕೇಳಿ ಬಂದವಲ್ಲ. ಆದುದರಿಂದ ಲೆಕ್ಕಕ್ಕೆ ಬಂದ ಬೆಲೆಗಿಂತಲೂ ಒಂದಷ್ಟು ಕೆಳಗೆ ನಿಲ್ಲುವುದೇ ಜಾಣತನ. ದಲ್ಲಾಳಿಯ ಮುಂಗಡದಲ್ಲಿ ಕೊಂಡರೆ ಇನ್ನೂ ಕೆಳಗೆ ನಿಲ್ಲಬೇಕು. ಏಕೆಂದರೆ ಮುಂಗಡ ತೀರುವ ತನಕ ಮೀನು ಅವನ ಕಟ್ಟೆಯಲ್ಲೇ, ಅವನು ಹೇಳಿದ ದರಕ್ಕೇ ಬೀಳುತ್ತದೆ. ಬಡ್ಡಿ ಇಲ್ಲದ ಸಾಲವೆಂದು ಕಾಣುವುದು ಪ್ರತಿ ಬುಟ್ಟಿಯಲ್ಲೂ ಬಡ್ಡಿ ಕೀಳುತ್ತದೆ.

ಹೆಚ್ಚಿನ ಬೆಲೆ ಕೊಟ್ಟವನ ಕಷ್ಟ ಹಣದಲ್ಲೇ ಮುಗಿಯುವುದಿಲ್ಲವೆಂಬುದನ್ನು ಮುಖ್ಯವಾಗಿ ಹೇಳಬೇಕು. ಕಂತು ಕಟ್ಟಲೇಬೇಕಾದವನು ಮೊದಲು ಕಡಿಯುವುದು ರಿಪೇರಿಯ ಖರ್ಚನ್ನು. ಈ ವರ್ಷ ಬದಲಾಯಿಸಬೇಕಾದ ಹಲಗೆ ಮುಂದಿನ ವರ್ಷಕ್ಕೆ ಹೋಗುತ್ತದೆ; ಲೈಫ್ ಜಾಕೆಟ್ಟು ಹರಿದದ್ದು ಹರಿದಂತೆಯೇ ಇರುತ್ತದೆ. ಹವಾಮಾನದ ಎಚ್ಚರಿಕೆ ಬಂದ ದಿನವೂ "ಒಂದು ಸಲ ಹೋಗಿಬರೋಣ" ಎನ್ನಬೇಕಾಗುತ್ತದೆ. ಕಣ್ಣು ಕಿರಿದಾದ ಬಲೆಯಿಂದ ಮರಿಮೀನನ್ನೂ ಬಳಿದು ಫಿಶ್‌ಮೀಲ್ ಗಿರಣಿಗೆ ಸುರಿಯುವ ಆತುರಕ್ಕೂ ಸಾಲದ ಒತ್ತಡ ಒಂದು ಕಾರಣ. ಅಳಿವೆಯ ಬಾಗಿಲಿನಲ್ಲಿ ಮರಳದಿಬ್ಬಕ್ಕೆ ತಾಗಿ ಬೋಟು ಒಡೆದಾಗ ನಾವು ಗಾಳಿಯನ್ನು, ಅಲೆಯನ್ನು ದೂರುತ್ತೇವೆ. ಆ ಬೋಟು ಎಷ್ಟು ಬೆಲೆಗೆ ಕೈಬದಲಾಗಿತ್ತು, ಆಮೇಲೆ ಅದರ ಬುಡಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನೂ ಕೇಳಬೇಕು. ಬೆಲೆಯ ಸುಳ್ಳು ಕೊನೆಗೆ ಜೀವವನ್ನು ಕೇಳುತ್ತದೆ.

ಅಳತೆ ಸಾರ್ವಜನಿಕವಾಗಲಿ

ಭಾರತದ ಕಡಲಲ್ಲಿ ಯಂತ್ರದೋಣಿ ತಾನಾಗಿ ಹುಟ್ಟಿಕೊಂಡದ್ದಲ್ಲ. 1952ರಲ್ಲಿ ಒಪ್ಪಂದವಾದ ಭಾರತ–ನಾರ್ವೆ ಯೋಜನೆಯು ಕೇರಳದಲ್ಲಿ ಆರಂಭವಾಗಿ 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ದೋಣಿಯ ಮರವನ್ನು ಹೇಗೆ ಕಾಪಾಡಬೇಕು, ಯಾವ ಆಕಾರದ ಬೋಟು ನಮ್ಮ ನೀರಿಗೆ ಹೊಂದುತ್ತದೆ ಎಂಬುದನ್ನು ಸಂಶೋಧಿಸುತ್ತ ಬಂದಿದೆ. ಇದೆಲ್ಲ ಸಾರ್ವಜನಿಕರ ಹಣ, ಸಾರ್ವಜನಿಕರ ಜ್ಞಾನ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಪರಿಶಿಷ್ಟರಿಗೂ ಮಹಿಳೆಯರಿಗೂ ನೂರಕ್ಕೆ 60ರ ಸಹಾಯಧನವಿದೆ. ಹೊಸ ಆಳಸಮುದ್ರದ ಬೋಟಿಗೆ ಅದು ಒದಗುತ್ತದೆ. ಆದರೆ ಉಳಿದ ಹಣವನ್ನು ಹೊಂದಿಸಬಲ್ಲವನಿಗೆ ಮಾತ್ರ ಅದರಿಂದ ಪ್ರಯೋಜನ. ಕಲಾಸಿಯಾಗಿ ದುಡಿದವನು ಒಡೆತನದ ಮೊದಲ ಮೆಟ್ಟಿಲೇರುವುದು ಹಳೆಯ ಬೋಟಿನ ಮೂಲಕವೇ. ಆ ಮೆಟ್ಟಿಲು ಗಟ್ಟಿಯೊ ಕೊಳೆತದ್ದೊ ಎಂದು ನೋಡುವ ಹೊಣೆಯನ್ನು ಮಾತ್ರ ಸರಕಾರವೂ ಸಹಕಾರಿ ಸಂಘಗಳೂ ದಲ್ಲಾಳಿಗೆ ಬಿಟ್ಟುಕೊಟ್ಟಿವೆ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ದೂರುಗಳಲ್ಲಿ ಒಂದು, ಗೇಣಿಯ ಭತ್ತವನ್ನು ಅಳೆಯುವ ಕೊಳಗದ್ದು. ಒಡೆಯನ ಕೊಳಗ ದೊಡ್ಡದಾಗಿತ್ತು. ಅಳತೆಯ ಪಾತ್ರೆ ಯಾರ ಮನೆಯದೋ ಭತ್ತವೂ ಅವರ ಮನೆಗೇ ಹರಿಯುತ್ತದೆಂಬುದನ್ನು ಆ ರೈತರು ಅಂದೇ ಕಂಡುಕೊಂಡಿದ್ದರು. ಇಂದು ಬಂದರಿನಲ್ಲಿಯೂ ಪ್ರಶ್ನೆ ಅದೇ. ಕೊಳಗ ಬದಲಾಗಬೇಕು.

ಅದಕ್ಕಾಗಿ ನಾವು ಕೇಳುವುದು ದೊಡ್ಡ ಸಂಗತಿಯೇನಲ್ಲ. ಮೊದಲನೆಯದಾಗಿ, ಪ್ರತಿಯೊಂದು ಮೀನುಗಾರಿಕಾ ಬಂದರಿನಲ್ಲಿ ನಿಷೇಧದ ಎರಡು ತಿಂಗಳು ಹಳೆಯ ಬೋಟುಗಳ ಪರೀಕ್ಷೆಗೆ ಒಂದು ಸಾರ್ವಜನಿಕ ವ್ಯವಸ್ಥೆ ಇರಲಿ. ಮೀನುಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ, ಒಬ್ಬ ಅನುಭವಿ ಬಡಗಿ, ಒಬ್ಬ ಮೆಕ್ಯಾನಿಕ, ಕಲಾಸಿಗಳ ಒಬ್ಬ ಪ್ರತಿನಿಧಿ, ಇಷ್ಟು ಮಂದಿ ಸಾಕು. ಅಲ್ಪ ಶುಲ್ಕಕ್ಕೆ ಅವರು ಬೋಟಿನ ಸ್ಥಿತಿಯನ್ನೂ ಅದು ಇನ್ನೆಷ್ಟು ವರ್ಷ ಬಾಳೀತೆಂಬುದನ್ನೂ ಕನ್ನಡದಲ್ಲಿ ಬರೆದುಕೊಡಲಿ. ಎರಡನೆಯದಾಗಿ, ಹೆಸರು ವರ್ಗಾಯಿಸುವಾಗ ನಿಜವಾಗಿ ಕೊಟ್ಟ ಬೆಲೆಯನ್ನು ಬರೆದಿಡುವ ದಾಖಲೆ ಪುಸ್ತಕವೊಂದಿರಲಿ; ಹೆಸರುಗಳನ್ನು ಬಿಟ್ಟು, ಬೋಟಿನ ಉದ್ದ, ವಯಸ್ಸು, ಎಂಜಿನು, ಬೆಲೆ ಇಷ್ಟನ್ನು ಬಂದರಿನ ಫಲಕದಲ್ಲಿ ಹಾಕಲಿ. ಏಲಮಿನ ಮೀನಿನ ದರ ನಾಲ್ಕು ಜನರ ಕಿವಿಗೆ ಬೀಳುವಾಗ ಬೋಟಿನ ದರ ಮಾತ್ರ ಗುಟ್ಟಾಗಿರಬೇಕೇಕೆ? ಮೂರನೆಯದಾಗಿ, ಆ ಪರೀಕ್ಷೆಯ ಪತ್ರದ ಆಧಾರದಿಂದ ಕಲಾಸಿಗಳ ಗುಂಪುಗಳಿಗೆ ಹಳೆಯ ಬೋಟು ಕೊಳ್ಳಲು ಸಹಕಾರಿ ಸಂಘಗಳು ಸಾಲ ಕೊಡಲಿ. ನಾಲ್ಕನೆಯದಾಗಿ, ಜೂನ್ ತಿಂಗಳ ಕಷ್ಟದಲ್ಲಿ ಮಾರಲೇಬೇಕಾದವರಿಗೆ ಬೋಟಿನ ಮೇಲೆ ಅಲ್ಪಾವಧಿಯ ಸಾಲ ಸಿಕ್ಕಿ, ಸರಿಯಾದ ಬೆಲೆ ಬರುವ ತನಕ ಕಾಯುವ ಶಕ್ತಿ ಬರಲಿ.

ಕೂಡಿ ದುಡಿಯುವುದು, ಕೂಡಿ ಒಡೆಯರಾಗುವುದು ನಮ್ಮ ಕರಾವಳಿಗೆ ಹೊಸದಲ್ಲ. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಹಿಂದೆ ಸರಿಯುವ ತನಕ, ಊರಿನ ಹತ್ತಾರು ಮನೆಯವರು ಸೇರಿ ಒಂದು ರಂಪಣಿ ಬಲೆಯನ್ನಿಟ್ಟು, ಒಟ್ಟಾಗಿ ಎಳೆದು, ಬಂದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಬಲೆಯ ಬೆಲೆಯೂ ಪಾಲಿನ ಲೆಕ್ಕವೂ ಎಲ್ಲರ ಎದುರಿಗೆ ನಡೆಯುತ್ತಿತ್ತು. ಆ ಬಲೆ ಹೋಯಿತು. ಆ ರೀತಿ ಹೋಗಬೇಕಾಗಿಲ್ಲ.

ಸರಕಾರ ಕಣ್ಣು ತೆರೆಯುವ ತನಕ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಬೋಟಿಗೆ ಪಾಲು ಹಾಕಿರೆಂದು ತಮ್ಮನೋ ಭಾವನೋ ಕೇಳಿಕೊಂಡು ಬಂದಾಗ ಗಿರಣಿಯ ಗೆಳೆಯರು ಭವಿಷ್ಯನಿಧಿಯ ಹಣ ತೆಗೆಯುವ ಮೊದಲು ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿಸಿ ನೋಡಲಿ. ಜಾಮೀನು ಹಾಕುವ ಅಂಗಡಿಯವರು ಬಡಗಿಯ ಮಾತು ಕೇಳದೆ ಸಹಿ ಮಾಡದಿರಲಿ. ಹೀಗೆ ಕೇಳಿದರೆ ಬಾಂಧವ್ಯ ಕೆಡುತ್ತದೆಂಬ ಸಂಕೋಚ ಬೇಡ. ಆರು ವರ್ಷಗಳ ಮೇಲೆ ಸಾಲಗಾರನ ಎದುರು ನಿಂತಾಗ ಕೆಡುವ ಬಾಂಧವ್ಯ ಇದಕ್ಕಿಂತ ದೊಡ್ಡದು. ಕಲಾಸಿ ಬಂಧುಗಳು ತಾವು ದುಡಿದ ಬೋಟಿನ ನಿಜವನ್ನು ಕೊಳ್ಳುವ ಇನ್ನೊಬ್ಬ ಕಲಾಸಿಗೆ ಮುಚ್ಚುಮರೆಯಿಲ್ಲದೆ ಹೇಳಲಿ. ಇಂದು ಅವನಿಗೆ ಹೇಳಿದ್ದನ್ನು ನಾಳೆ ಅವನು ನಮಗೆ ಹೇಳುತ್ತಾನೆ. ಬರುವ ಜೂನ್ 1ಕ್ಕೆ ಬೋಟುಗಳು ದಡ ಸೇರುವ ಮೊದಲು, ಈ ನಾಲ್ಕು ಬೇಡಿಕೆಗಳ ಮನವಿಗೆ ಬಂದರು ಬಂದರಿನಲ್ಲಿ, ಗಿರಣಿಯ ಬಾಗಿಲಿನಲ್ಲಿ, ಪೇಟೆಯ ಬೀದಿಗಳಲ್ಲಿ ಸಹಿ ಸಂಗ್ರಹಿಸಿ ಜಿಲ್ಲಾಧಿಕಾರಿಗಳ ಕಚೇರಿಗೂ ಮೀನುಗಾರಿಕೆ ಇಲಾಖೆಗೂ ಒಯ್ಯಬೇಕಾಗಿದೆ. ವಾಚಕರು ತಮ್ಮ ಊರಿನ ಪಕ್ಷದ ಕಚೇರಿಯಲ್ಲಿ ಹೆಸರು ಕೊಟ್ಟು ಈ ಕೆಲಸಕ್ಕೆ ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇವೆ.